ಉಲ್ಲನ್ ಆಂಟಿಯ ಉಳಿತಾಯ ಯೋಜನೆ

ಯಲಹಂಕ ನ್ಯೂ ಟೌನ್‌ನಲ್ಲಿ ಹೌಸಿಂಗ್ ಬೋರ್ಡ್ ಮನೆಗಳಿರುವ ಯಾವ ಬೀದಿಗೆ ಬೇಕಾದರೂ ಹೋಗಿ, ಒಬ್ಬರು ಉಲ್ಲನ್ ಆಂಟಿ ಸಿಕ್ಕೇ ಸಿಗುತ್ತಾರೆ. ಸಹಕಾರನಗರದಲ್ಲಿ ಬೀದಿಗಿಬ್ಬರು. ಆರ್.ಟಿ. ನಗರದಲ್ಲಿ ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ಮಹಡಿಗೊಬ್ಬರಂತೆ. ವಯಸ್ಸು ಅರವತ್ತು ದಾಟಿರುತ್ತದೆ. ಕನ್ನಡಕ ಮೂಗಿನ ತುದಿಯಲ್ಲಿ, ದಾರ ಎಡಗೈ ತೋರುಬೆರಳಿನಲ್ಲಿ, 4 ಮಿಲಿಮೀಟರಿನ ಕ್ರೋಶಾ ಕಡ್ಡಿ ಬಲಗೈಯಲ್ಲಿ. ಪಕ್ಕದಲ್ಲಿ ಸೀರೆ ಅಂಗಡಿಯ ಚೀಲ. ಅದರಲ್ಲಿ ಸೀರೆ ಇದೆ ಅಂದುಕೊಂಡವರು ಆ ಮನೆಗೆ ಹೊಸಬರು.

ನಮ್ಮ ಬೀದಿಯ ಆಂಟಿಯ ಸಂಕಲ್ಪ ಒಂದೇ: ಉಳಿದ ದಾರವನ್ನು ಎಸೆಯಬಾರದು. ಮೊಮ್ಮಗನ ಸ್ವೆಟರಿನಲ್ಲಿ ಉಳಿದ ನೀಲಿ, ಬಾಗಿಲ ತೋರಣದಲ್ಲಿ ಉಳಿದ ಹಸಿರು, ಸೊಸೆಗೆಂದು ಶಾಲು ಶುರುಮಾಡಿದಾಗ ಅವಳು “ಪರ್ಪಲ್ ಬೇಡ ಅತ್ತೆ” ಅಂದದ್ದರಿಂದ ಪೂರ್ತಿಗೆ ಪೂರ್ತಿ ಉಳಿದ ನೇರಳೆ. ಇವೆಲ್ಲ ಸೇರಿ ಒಂದು ಹೊದಿಕೆ ಆಗಬೇಕು. “ಒಂದು ಪೈಸೆ ಖರ್ಚಿಲ್ಲ ಕಣಪ್ಪ. ಎಲ್ಲಾ ಮನೇಲಿ ಬಿದ್ದಿದ್ದೇ.” ಈ ಮಾತನ್ನು ಅವರು ಪ್ರತಿ ಸಲವೂ ಅಂಕಲ್ ಕಿವಿಗೆ ಬೀಳುವ ಹಾಗೆ ಹೇಳುತ್ತಾರೆ.

ಅಂಕಲ್‌ಗೆ ಈ ತತ್ವ ಹೊಸದಲ್ಲ. ಅವರು ರಿಟೈರ್ ಆದದ್ದು 1984ರಲ್ಲಿ ಶುರುವಾದ ಯಲಹಂಕದ ಗಾಲಿ ಕಾರ್ಖಾನೆಯಿಂದ. ಬೋರ್ಡಿನ ಮೇಲೆ ಈಗ ರೈಲ್ ವೀಲ್ ಫ್ಯಾಕ್ಟರಿ ಎಂದಿದ್ದರೂ ಹಳಬರ ಬಾಯಲ್ಲಿ ಅದು ಇವತ್ತಿಗೂ ವೀಲ್ ಅಂಡ್ ಆಕ್ಸಲ್ಲೇ. ಅಲ್ಲಿ ರೈಲ್ವೆಯ ಗುಜರಿ ಕಬ್ಬಿಣವನ್ನು ಕುಲುಮೆಯಲ್ಲಿ ಕರಗಿಸಿ ಹೊಸ ಗಾಲಿ ಎರೆಯುತ್ತಾರೆ. ಜೀವಮಾನವೆಲ್ಲ ಹಳೆಯದನ್ನು ಕರಗಿಸಿ ದುಂಡಗೆ ಮಾಡಿದ ಮನುಷ್ಯ, ಮನೆಗೆ ಬಂದರೆ ಹೆಂಡತಿ ಉಳಿದದ್ದನ್ನು ಸೇರಿಸಿ ಚೌಕ ಮಾಡುತ್ತಿದ್ದಾಳೆ. ಅವರಿಗಿರುವ ಆಕ್ಷೇಪ ಒಂದೇ: “ನಮ್ಮಲ್ಲಿ ಗಾಲಿ ಆದ್ಮೇಲೆ ರೈಲಿಗೆ ಹೋಗ್ತಿತ್ತು. ಇದು ಎಲ್ಲಿಗೆ ಹೋಗುತ್ತೆ?”

ಪ್ರಶ್ನೆ ನ್ಯಾಯವಾದದ್ದೇ. ಬೆಂಗಳೂರಿನಲ್ಲಿ ಉಲ್ಲನ್ ಹೊದಿಕೆ ಹೊದ್ದು ಮಲಗುವಂಥ ಚಳಿ ಎಲ್ಲಿದೆ? ಹವಾಮಾನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ; ಅದೂ 1884ರ ಜನವರಿಯಲ್ಲಿ. ಆಂಟಿ ಈಗ ಹಾಕುತ್ತಿರುವ ಗ್ರಾನಿ ಸ್ಕ್ವೇರ್ ಚೌಕದ ಮಾದರಿ ಅಮೆರಿಕದ ‘ಪ್ರೈರಿ ಫಾರ್ಮರ್’ ಎಂಬ ರೈತರ ಪತ್ರಿಕೆಯಲ್ಲಿ ಅಚ್ಚಾದದ್ದು 1885ರಲ್ಲಿ. ಒಂದೇ ಒಂದು ವರ್ಷ ತಡ. ಅಂದಿನಿಂದ ಬೆಂಗಳೂರಿಗೆ ಅಂಥ ಚಳಿಯೂ ಬಂದಿಲ್ಲ, ಈ ಚೌಕಗಳೂ ನಿಂತಿಲ್ಲ.

ಆದರೆ ಆಂಟಿಯ ಮುಂದೆ ಬೆಂಗಳೂರಿನ ಉಷ್ಣಾಂಶದ ಮಾತು ತೆಗೆದು ಉಪಯೋಗವಿಲ್ಲ. “ಅದು ಬೆಂಗಳೂರಿನ ಲೆಕ್ಕ. ನಮ್ಮ ಯಲಹಂಕದ ಚಳಿ ಬೇರೆ.” 2007ರಲ್ಲಿ ಬಿಬಿಎಂಪಿ ಯಲಹಂಕವನ್ನು ಸೇರಿಸಿಕೊಂಡಿತು ಎಂಬುದನ್ನು ಅವರು ಇನ್ನೂ ಮನಸಾರೆ ಒಪ್ಪಿಲ್ಲ. ಕೆಂಪೇಗೌಡರು ಇಲ್ಲಿಂದ ಹೊರಟು ತಾನೇ 1537ರಲ್ಲಿ ಬೆಂಗಳೂರು ಕಟ್ಟಿದ್ದು? ಹಾಗಾದರೆ ಬೆಂಗಳೂರೇ ಯಲಹಂಕದ ಬಡಾವಣೆ. ಮೆಜೆಸ್ಟಿಕ್ ಕಡೆ ಹೊರಟರೆ ಈಗಲೂ “ಬೆಂಗಳೂರಿಗೆ ಹೋಗ್ಬರ್ತೀನಿ” ಅಂತಲೇ ಹೇಳಿ ಹೊರಡುತ್ತಾರೆ.

ಹೊರಡುವುದಂತೂ ಇತ್ತೀಚೆಗೆ ಜಾಸ್ತಿಯಾಗಿದೆ. ಅದರ ಕಾರಣ ಉಳಿದ ದಾರದ ಒಳಗುಟ್ಟಿನಲ್ಲಿದೆ. ನಾಲ್ಕು ಸುತ್ತಿನ ಒಂದು ಚೌಕಕ್ಕೆ ನಾಲ್ಕು ಬಣ್ಣ. ಹನ್ನೆರಡು ಸಾಲಿಗೆ ಹನ್ನೆರಡರಂತೆ 144 ಚೌಕ. ಇವನ್ನು ಒಂದಕ್ಕೊಂದು ಜೋಡಿಸಿ ಸುತ್ತ ಅಂಚು ಕಟ್ಟಲು ಒಂದೇ ಬಣ್ಣ ಬೇಕು, ಇಲ್ಲದಿದ್ದರೆ ಕಣ್ಣು ಕುಕ್ಕುತ್ತದೆ. ಆ ಬಣ್ಣ ಕಪ್ಪು. ಉಳಿದದ್ದರಲ್ಲಿ ಎಲ್ಲ ಬಣ್ಣವೂ ಇರುತ್ತದೆ, ಕಪ್ಪು ಮಾತ್ರ ಇರುವುದಿಲ್ಲ. ಹಾಗಾಗಿ ಅವೆನ್ಯೂ ರೋಡಿನ ರಾಜಾ ಮಾರ್ಕೆಟ್ಟಿಗೆ ಹೋಗಲೇಬೇಕು. 2023ರ ಜೂನ್‌ವರೆಗೆ ಇದಕ್ಕೆ ಬಸ್ ಚಾರ್ಜಿನ ಅಡ್ಡಿಯಾದರೂ ಇತ್ತು. ಶಕ್ತಿ ಯೋಜನೆ ಬಂದು ಆಧಾರ್ ಕಾರ್ಡ್ ತೋರಿಸಿದರೆ ಶೂನ್ಯದ ಟಿಕೆಟ್ ಹರಿದುಕೊಡಲು ಶುರುಮಾಡಿದ ಮೇಲೆ ಅಂಕಲ್ ಕೈಯಲ್ಲಿದ್ದ ಕೊನೆಯ ವಾದವೂ ಜಾರಿತು.

ರಾಜಾ ಮಾರ್ಕೆಟ್ಟಿನಲ್ಲಿ ಮಣಿ, ಲೇಸು, ಕುಚ್ಚು, ದಾರ ತುಂಬಿದ ಅಂಗಡಿಗಳ ನಡುವೆ ಒಬ್ಬರು ನಡೆದರೆ ಇನ್ನೊಬ್ಬರು ನಿಲ್ಲಬೇಕು. ಆಂಟಿ ಅಲ್ಲಿ ನಿಲ್ಲುವವರು. ಕಪ್ಪು ಕೇಳಿ, ಕಪ್ಪು ಕೊಂಡು, ಹಣ ಕೊಡುವಾಗ ಒಂದು ಹಳದಿ ಕಣ್ಣಿಗೆ ಬೀಳುತ್ತದೆ. ‘ಆ ನೇರಳೆ ಒಂಟಿಯಾಗಿ ಕೂತಿದೆ, ಪಕ್ಕಕ್ಕೆ ಇದಿದ್ದರೆ ಎಷ್ಟು ಎದ್ದು ಕಾಣ್ತಿತ್ತು!’ ಹಳದಿ ಅರ್ಧ ಮುಗಿಯುವಷ್ಟರಲ್ಲಿ ನೇರಳೆ ಖಾಲಿ. ಮತ್ತೆ ಬಸ್ಸು. ಅದೇ ಕಂಪನಿ, ಅದೇ ಶೇಡ್ ನಂಬರಿನ ನೇರಳೆ ಸಿಗುತ್ತದೆ, ಮನೆಗೆ ತಂದು ಬಿಸಿಲಿಗೆ ಹಿಡಿದರೆ ಬೇರೆಯೇ ನೇರಳೆ. ಬಣ್ಣ ಅದ್ದಿದ ಲಾಟ್ ಬೇರೆಯಾದರೆ ಹಾಗೇ ಆಗುವುದು. ಹೊಸ ನೇರಳೆ ಚೀಲ ಸೇರುತ್ತದೆ, ಅರ್ಥಾತ್ ಉಳಿದ ದಾರಕ್ಕೆ ಸೇರುತ್ತದೆ. ಒಂದು ಚೀಲ ಮುಗಿಸಲು ಹೊರಟ ಯೋಜನೆಯಿಂದ ಈಗ ಮೂರು ಚೀಲ ಆಗಿದೆ. ಇದು ಲೂಧಿಯಾನದ ಗಿರಣಿಗಳಿಗೆ ಚೆನ್ನಾಗಿ ಗೊತ್ತಿರುವ ಉಳಿತಾಯ. ಅಂದಹಾಗೆ ನಾವು ಉಲ್ಲನ್ ಉಲ್ಲನ್ ಎಂದು ಕೊಳ್ಳುವುದು ಬಹುಪಾಲು ಅಕ್ರಿಲಿಕ್; ಕುರಿಗೆ ಈ ವ್ಯವಹಾರದಲ್ಲಿ ಯಾವ ಪಾತ್ರವೂ ಇಲ್ಲ.

ಅದಕ್ಕಿಂತ ಭಯಂಕರವಾದದ್ದು ತುದಿಗಳ ವಿಷಯ. ಪ್ರತಿ ಬಣ್ಣಕ್ಕೂ ಶುರುವಿನಲ್ಲೊಂದು ಬಾಲ, ಕೊನೆಯಲ್ಲೊಂದು ಬಾಲ. ಚೌಕಕ್ಕೆ ಎಂಟು. 144 ಚೌಕಕ್ಕೆ 1,152. ಇಷ್ಟನ್ನೂ ದಬ್ಬಳಕ್ಕೆ ಪೋಣಿಸಿ ಹೆಣಿಗೆಯ ಒಳಗೆ ಅಡಗಿಸದಿದ್ದರೆ ಒಂದೇ ಒಗೆತಕ್ಕೆ ಎಲ್ಲ ಬಿಚ್ಚಿಕೊಳ್ಳುತ್ತದೆ. ಈ ಕೆಲಸ ಆಂಟಿಗೆ ಆಗಿಬರುವುದಿಲ್ಲ. ಹಾಗಾಗಿ ಕೂತು ಮಾತಾಡಲು ಬಂದವರ ಕೈಗೆ ಕಾಫಿ ಲೋಟದ ಹಿಂದೆಯೇ ಒಂದು ಚೌಕ, ಒಂದು ದಬ್ಬಳ ಬರುತ್ತದೆ. “ಸುಮ್ನೆ ಕೂತಿರ್ತೀರಲ್ಲ, ಎರಡು ತುದಿ ಸೇರಿಸಿಬಿಡಿ.” ಎರಡು ಎಂದರೆ ಎಂಟು. ನಮ್ಮ ಬೀದಿಗೆ ಗ್ಯಾಸ್ ಸಿಲಿಂಡರ್ ತರುವ ಹುಡುಗ ಈಗ ಗೇಟಿನಿಂದಲೇ ಕೂಗಿ ಸಿಲಿಂಡರ್ ಇಟ್ಟು ಓಡುತ್ತಾನೆ.

ಏಕಾಗ್ರತೆಯ ಬಗ್ಗೆ ಮಾತ್ರ ಎರಡು ಮಾತಿಲ್ಲ. ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಏರೋ ಇಂಡಿಯಾ ಬಂದರೆ ವಾಯುನೆಲೆಯಿಂದೆದ್ದ ಯುದ್ಧವಿಮಾನಗಳು ನಮ್ಮ ನೆತ್ತಿಯ ಮೇಲೇ ಲಾಗ ಹಾಕುತ್ತವೆ, ಕಿಟಕಿ ಗಾಜು ಗಡಗಡ ನಡುಗುತ್ತದೆ, ಇಡೀ ಬೀದಿ ತಾರಸಿಯ ಮೇಲಿರುತ್ತದೆ. ಆಂಟಿ ವರಾಂಡದಲ್ಲಿ “ಹದಿನೇಳು, ಹದಿನೆಂಟು” ಎಂದು ಎಣಿಸುತ್ತಲೇ ಇರುತ್ತಾರೆ. ಎಣಿಕೆ ತಪ್ಪುವುದು ಅಂಕಲ್ ಕಾಫಿ ಕೇಳಿದಾಗ ಮಾತ್ರ.

ಅವರ ಆತ್ಮವಿಶ್ವಾಸಕ್ಕೆ ಪೆಟ್ಟು ಕೊಟ್ಟವರು ಒಬ್ಬರೇ. ಯಶವಂತಪುರದಲ್ಲಿ ಮಗಳ ಮನೆಯಲ್ಲಿರುವ, ಧಾರವಾಡ ಕಡೆಯ ಒಬ್ಬ ಅಜ್ಜಿ. ಸಂಬಂಧಿಕರ ಜೊತೆ ಬಂದವರು ಹೊದಿಕೆಯನ್ನು ಬೆಳಕಿಗೆ ಹಿಡಿದು ಆ ಕಡೆಯಿಂದ ಈ ಕಡೆ ನೋಡಿದರು. “ಚಂದ ಐತ್ರಿ. ಆದ್ರ ತೂತ ಭಾಳ ಅದಾವಲ್ರೀ, ಗಾಳಿ ಎಲ್ಲಾ ಒಳಗ ಬರ್ತೈತಿ.” ಆಮೇಲೆ ತಮ್ಮ ಕಡೆಯ ಕೌದಿಯ ವಿಚಾರ ಹೇಳಿದರು: ಹಳೇ ಸೀರೆ, ಹಳೇ ಧೋತರ ಒಂದರ ಮೇಲೊಂದು ಹಾಸಿ, ತುಂಡುಗಳನ್ನು ಕೂಡಿಸಿ, ಅಂಚಿನಿಂದ ಒಳಕ್ಕೆ ಸಾಲು ಸಾಲು ಹೊಲಿಗೆ. “ಸೂಜಿ ದಾರದ್ದಷ್ಟ ರೊಕ್ಕ ನೋಡ್ರಿ.” ಅಂಕಲ್ ಪೇಪರ್ ಮಡಿಚಿಟ್ಟು ಆ ಅಜ್ಜಿಗೆ ಇನ್ನೊಂದು ಲೋಟ ಕಾಫಿ ಕೊಡಿಸಿದರು. ನಿಜ ಹೇಳಬೇಕೆಂದರೆ ಉಳಿದದ್ದರಲ್ಲಿ ಹೊದಿಕೆ ಮಾಡುವ ವಿದ್ಯೆಯಲ್ಲಿ ಕೌದಿ ಪಂಡಿತೆ, ಕ್ರೋಶಾ ಬರೀ ಉತ್ಸಾಹಿ. ಇದನ್ನು ಆಂಟಿಯ ಮುಂದೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ.

ಆಂಟಿಯ ಉತ್ತರ ಚೆನ್ನೈಯಿಂದ ಬಂತು. 2016ರ ಜನವರಿಯಲ್ಲಿ ಅಲ್ಲಿ ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಎಂಬ ಮಹಿಳೆಯರ ಗುಂಪು ತುಂಡು ತುಂಡು ಸೇರಿಸಿ 11,148.5 ಚದರ ಮೀಟರಿನ ಹೊದಿಕೆ ಹಾಸಿ ಗಿನ್ನೆಸ್ ದಾಖಲೆ ಮಾಡಿತ್ತು. ಎರಡೂಮುಕ್ಕಾಲು ಎಕರೆ. “ಚೆನ್ನೈನಲ್ಲಿ ಚಳಿ ಇದೆಯಾ? ಯಾರಾದ್ರೂ ಕೇಳಿದ್ರಾ ಅವರನ್ನ?” ಈ ಪ್ರಶ್ನೆಗೆ ಅಂಕಲ್ ಬಳಿಯೂ ಉತ್ತರವಿರಲಿಲ್ಲ.

ಹೊದಿಕೆಯೊಂದು ಮುಗಿದ ಮೇಲೆ ಅದಕ್ಕೊಬ್ಬ ಒಡೆಯನನ್ನು ಹುಡುಕುವುದು ಮುಂದಿನ ಕಷ್ಟ. ಪರದೇಶಕ್ಕೆ ಹೊರಟವರು ಸುಲಭದ ಗುರಿ, ಏರ್‌ಪೋರ್ಟು ಹತ್ತಿರದಲ್ಲೇ ಇದೆ. ಆದರೆ ಸೂಟ್‌ಕೇಸ್ ತೂಕಕ್ಕಿಟ್ಟಾಗ ಹೊದಿಕೆಗೂ ಚಟ್ನಿಪುಡಿಗೂ ನೇರ ಸ್ಪರ್ಧೆ ಏರ್ಪಡುತ್ತದೆ, ಇದುವರೆಗೆ ಚಟ್ನಿಪುಡಿ ಒಮ್ಮೆಯೂ ಸೋತಿಲ್ಲ.

ಈ ಸಂಕಟಕ್ಕೆ ದಾರಿ ತೋರಿಸಲು ಹೋಗಿ ಸೊಸೆಯೇ ಸಿಕ್ಕಿಬಿದ್ದಳು. ಜರ್ಮನಿಯಲ್ಲಿ ಮ್ಯೂನಿಕ್ ಕಡೆಯ ಒಬ್ಬ ಹೆಂಗಸು 2018ರಿಡೀ ರೈಲು ಎಷ್ಟು ತಡ ಎಂಬುದನ್ನು ದಿನಕ್ಕೆರಡು ಸಾಲಿನಂತೆ ಸ್ಕಾರ್ಫಿನಲ್ಲಿ ಹೆಣೆದಿದ್ದಳು: ಐದು ನಿಮಿಷದೊಳಗಾದರೆ ಬೂದು, ಅರ್ಧ ಗಂಟೆವರೆಗೆ ಗುಲಾಬಿ, ಅದಕ್ಕೂ ಮೇಲೆ ಕೆಂಪು. ಮರುವರ್ಷ ಹರಾಜಿನಲ್ಲಿ ಅದು 7,550 ಯೂರೋಗೆ ಹೋಯಿತು. ಇದನ್ನು ಸೊಸೆ ತಮಾಷೆಗೆ ಹೇಳಿದಳು. ಆಂಟಿ ತಮಾಷೆಯನ್ನು ತೆಗೆದುಕೊಳ್ಳಲಿಲ್ಲ, ಯೋಜನೆಯನ್ನು ತೆಗೆದುಕೊಂಡರು. ಸೊಸೆಯ ಆಫೀಸು ನಾಗವಾರದ ಕಡೆ; ಸಂಜೆ ಹೆಬ್ಬಾಳ ದಾಟಿ ಮನೆ ಸೇರಬೇಕು. ಅವಳು ಅರ್ಧ ಗಂಟೆಯಲ್ಲಿ ಬಂದರೆ ಬೂದು, ಒಂದು ಗಂಟೆಗೆ ಗುಲಾಬಿ, ಮೀರಿದರೆ ಕೆಂಪು. ಗಾಲಿಯ ತಪಾಸಣೆ ಮಾಡಿ ಅಭ್ಯಾಸವಿದ್ದ ಅಂಕಲ್ ಪುಸ್ತಕ, ಪೆನ್ನು ಹಿಡಿದು ಗೇಟಿನಲ್ಲಿ ನಿಂತರು. ಇಷ್ಟು ವರ್ಷದಲ್ಲಿ ಹೆಂಡತಿಯ ಕೆಲಸಕ್ಕೆ ಅವರು ಕೈಜೋಡಿಸಿದ್ದು ಇದೇ ಮೊದಲು.

ಬೂದು ಉಂಡೆಯ ಲೇಬಲ್ ಇನ್ನೂ ಬಿಚ್ಚಿಲ್ಲ. ಗುಲಾಬಿ ಅಲ್ಲೊಂದು ಇಲ್ಲೊಂದು ಸಾಲು, ಅವೆಲ್ಲ ಸರ್ಕಾರಿ ರಜೆಗಳು. ಉಳಿದಂತೆ ಹೊದಿಕೆ ಕೆಂಪಗೆ ಬೆಳೆಯುತ್ತಲೇ ಹೋಯಿತು. ಕೆಂಪು ಖಾಲಿಯಾಗಿ, ಲಾಟ್ ಬೇರೆಯಾದೀತೆಂಬ ಹೆದರಿಕೆಗೆ ಆಂಟಿ ಈ ಸಲ ರಾಜಾ ಮಾರ್ಕೆಟ್ಟಿನಿಂದ ಒಂದು ಡಜನ್ ಉಂಡೆ ಒಟ್ಟಿಗೇ ಹೊತ್ತು ತಂದರು.

ಅದೇ ರಾತ್ರಿ ಸೊಸೆ ಬ್ಯಾಗು ಕೆಳಗಿಟ್ಟು, “ಸಾಕಾಗಿದೆ ಅತ್ತೆ. ನಾಳೆಯಿಂದ ವರ್ಕ್ ಫ್ರಮ್ ಹೋಮ್ ತಗೋತೀನಿ” ಅಂದಳು.

“ಅಯ್ಯೋ, ಇಷ್ಟೊಂದು ಕೆಂಪು ತಂದುಬಿಟ್ಟಿದ್ದೀನಲ್ಲೇ!” ಅಂದರು ಆಂಟಿ. “ಯುಗಾದಿವರೆಗೂ ಹೇಗಾದ್ರೂ ಮಾಡಿ ಆಫೀಸಿಗೇ ಹೋಗಮ್ಮ.”