3.15ರಿಂದ 3.45: ಸಂತೋಷ

ನಮ್ಮ ಮನೆಯ ಫ್ರಿಜ್ ಬಾಗಿಲಿಗೆ ಒಂದು ವೇಳಾಪಟ್ಟಿ ಅಂಟಿಸಿದೆ. ಬೆಳಗ್ಗೆ 8.30ಕ್ಕೆ ಗಣಿತ, 9.15ಕ್ಕೆ ಕನ್ನಡ, 10ಕ್ಕೆ ಹಣ್ಣು, 10.20ಕ್ಕೆ ಪ್ರಕೃತಿ ವೀಕ್ಷಣೆ. ಪ್ರಕೃತಿ ಎಂದರೆ ನಾಲ್ಕನೇ ಮಹಡಿಯ ಬಾಲ್ಕನಿ ಮತ್ತು ಪಾರಿವಾಳದ ಹಿಕ್ಕೆ. ಹೀಗೇ ಇಳಿಯುತ್ತ ಹೋದರೆ ಮಧ್ಯಾಹ್ನ 3.15ರಿಂದ 3.45ರವರೆಗೆ ಹಳದಿ ಬಳಿದ ಚೌಕದಲ್ಲಿ ಒಂದೇ ಪದ: ಸಂತೋಷ. 3.45ಕ್ಕೆ ಸಂತೋಷ ಮುಗಿದು ಇಂಗ್ಲಿಷ್ ಸ್ಪೆಲಿಂಗ್ ಶುರುವಾಗುತ್ತದೆ.

ಏಳು ವರ್ಷದ ಮಗಳನ್ನು ಶಾಲೆ ಬಿಡಿಸಿ ಎಂಟು ತಿಂಗಳಾಯಿತು. ಅಲ್ಲಿ ಎಲ್ಲದಕ್ಕೂ ಗಂಟೆ ಹೊಡೆಯುತ್ತಾರೆ, ಮಗುವಿಗೆ ಉಸಿರಾಡಲು ಪುರುಸೊತ್ತಿಲ್ಲ ಎಂದು ಬಿಡಿಸಿದ್ದು. ಈಗ ಗಂಟೆಯಿಲ್ಲ, ನನ್ನ ಮೊಬೈಲಿನ ಅಲಾರಂ ಇದೆ. ಯೂನಿಫಾರಂ ಕೂಡ ಇಲ್ಲ, ಮಗಳಿಗೆ. ನಾನು ನೈಟಿಯಲ್ಲಿ ಪಾಠಕ್ಕೆ ಕೂತರೆ ಅವಳು "ಮಿಸ್ ಥರಾ ಕಾಣಲ್ಲಮ್ಮ" ಅನ್ನುತ್ತಾಳೆ. ಹಾಗಾಗಿ ದಿನಾ ಚೂಡಿದಾರ್ ಹಾಕಿ, ದುಪಟ್ಟಾಗೆ ಪಿನ್ ಚುಚ್ಚಿ, ಅಡುಗೆಮನೆಯಿಂದ ಹಾಲ್‌ಗೆ ಡ್ಯೂಟಿಗೆ ಹೋಗುತ್ತೇನೆ.

ವೇಳಾಪಟ್ಟಿ ನನ್ನದು, ಗುರಿಗಳು ನಮ್ಮ ಮನೆಯವರದು. ಇವರು ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು. ಮನೆಶಿಕ್ಷಣದಲ್ಲಿ ತಂದೆತಾಯಿ ಸಮಪಾಲು ಎಂದು ಮೊದಲೇ ಮಾತಾಗಿತ್ತು. ತಾಯಿ ಕೆಲಸ ಬಿಟ್ಟು ಕಲಿಸುವುದು, ತಂದೆ ಮೂರು ತಿಂಗಳಿಗೊಮ್ಮೆ ರಿವ್ಯೂ ಮಾಡುವುದು. ಮೊದಲನೇ ರಿವ್ಯೂನಲ್ಲೇ ಇವರು ‘ಸ್ಮಾರ್ಟ್’ ಸೂತ್ರ ಹೇಳಿಕೊಟ್ಟರು: ಗುರಿ ಖಚಿತವಾಗಿರಬೇಕು, ಅಳತೆಗೆ ಸಿಗಬೇಕು, ಯಾರಿಗೆ ವಹಿಸಿದ್ದೆಂದು ಬರೆದಿರಬೇಕು, ವಾಸ್ತವಿಕವಾಗಿರಬೇಕು, ಗಡುವಿರಬೇಕು. 1981ರಲ್ಲಿ ಜಾರ್ಜ್ ಡೋರಾನ್ ಎಂಬಾತ ಅಮೆರಿಕದ ಮ್ಯಾನೇಜರುಗಳಿಗೆಂದು ಬರೆದದ್ದಂತೆ. ತಮಾಷೆಯೆಂದರೆ ಅದೇ 1981ರಲ್ಲಿ, ಅದೇ ಅಮೆರಿಕದಲ್ಲಿ ಜಾನ್ ಹೋಲ್ಟ್ ಎಂಬ ಮೇಷ್ಟ್ರು ‘ಟೀಚ್ ಯುವರ್ ಓನ್’ ಎಂಬ ಪುಸ್ತಕ ಬರೆದರು. ಮಕ್ಕಳು ಕಲಿಯುವುದು ಅವರಿಗೇ ಬೇಕೆನಿಸಿದಾಗ, ಅಡ್ಡ ಬರಬೇಡಿ ಎನ್ನುವುದು ಅವರ ವಾದ. ನಾವು ಹೋಲ್ಟ್‌ರನ್ನು ಓದಿ ಮಗುವನ್ನು ಶಾಲೆಯಿಂದ ಹೊರಗೆ ತಂದೆವು. ಡೋರಾನ್‌ರನ್ನು ಕರೆದು ಮನೆಯೊಳಗೆ ಕೂರಿಸಿದೆವು. ‘ಯಾರಿಗೆ ವಹಿಸಿದ್ದು’ ಎಂಬ ಕಾಲಂನಲ್ಲಿ ಮೇಲಿಂದ ಕೆಳಗಿನವರೆಗೂ ನನ್ನ ಹೆಸರಿದೆ.

‘ವಾಸ್ತವಿಕ’ ಎಂಬುದರ ಅರ್ಥ ನಮ್ಮ ಮನೆಯಲ್ಲಿ ಹೀಗೆ: ದಸರಾ ಒಳಗೆ 20ರವರೆಗೆ ಮಗ್ಗಿ ಎಂದು ಬರೆಯುವುದು, ಅಳು ಶುರುವಾದ ಮೇಲೆ 15ಕ್ಕೆ ಇಳಿಸುವುದು. ಅತ್ತದ್ದು ಯಾರು ಎಂದು ಕೇಳಬೇಡಿ. ಸಂತೋಷಕ್ಕೆ ಮಾತ್ರ ಇನ್ನೂ ಅಳತೆಗೋಲು ಸಿಕ್ಕಿಲ್ಲ. "ಹತ್ತಕ್ಕೆ ಎಷ್ಟು ಕೊಡ್ತೀಯಾ ಪುಟ್ಟಿ?" ಎಂದು ಇವರು ಕೇಳಿದರು. ಮಗಳು ಯೋಚಿಸಿ "ಗಣಿತ ಆಗಲೇ ಮುಗೀತಲ್ಲಪ್ಪ" ಎಂದಳು.

ಊರಿಂದ ಬಂದ ನಮ್ಮತ್ತೆ ಒಂದು ವಾರ ಇದನ್ನೆಲ್ಲ ಮೌನವಾಗಿ ನೋಡಿದರು. ಎಂಟನೇ ದಿನ ಹೇಳಿದರು: "ನಮ್ ಕಾಲದಲ್ಲಿ ಇಸ್ಕೂಲು ಬಿಟ್ರೆ ಎಮ್ಮೆ ಕಾಯೋಕೆ ಕಳಿಸ್ತಿದ್ವಿ. ಈಗ ಅದಕ್ಕೂ ಇಂಗ್ಲಿಷ್ ಹೆಸರು ಬಂತು ಬಿಡು." ಇವರು ಸುಮ್ಮನಿರಬೇಕಲ್ಲ! ಕುವೆಂಪು ಅವರಿಗೂ ಕುಪ್ಪಳಿಯ ಮನೆಯಲ್ಲೇ ದಕ್ಷಿಣ ಕನ್ನಡದಿಂದ ಮೇಷ್ಟ್ರನ್ನು ಕರೆಸಿ ಪಾಠ ಹೇಳಿಸಿದ್ದರು ಎಂದು ವಾದ ಹೂಡಿದರು. "ಆಮೇಲೆ ತೀರ್ಥಳ್ಳಿ ಇಸ್ಕೂಲಿಗೆ ಹೋದ್ರಲ್ಲಪ್ಪಾ," ಎಂದರು ಅತ್ತೆ. "ಅದಿರ್ಲಿ, ಅವರವ್ವ ದಿನಾ ಪಾಠದ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕ್ತಿದ್ರಾ?" ಆವತ್ತು ನಾನು ಸ್ಟೇಟಸ್ ಹಾಕಲಿಲ್ಲ. ಮಾರನೇ ದಿನ ಎರಡು ಹಾಕಿದೆ.

ಅತ್ತೆಯ ಎಮ್ಮೆ ಮಾತ್ರ ತಲೆಯಿಂದ ಹೋಗಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಕಲಂ ಪ್ರಕಾರ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ. ಸೇರಿಸದಿದ್ದರೆ ಏನು ಶಿಕ್ಷೆ ಎಂದು ಕಾಯ್ದೆ ಹೇಳಿಲ್ಲ. ನಮ್ಮಂಥವರು ತೂರಿಕೊಳ್ಳುವುದು ಆ ಸಂದಿಯಲ್ಲೇ. ಗಾರ್ಮೆಂಟ್ಸ್‌ಗೆ ಹೋಗುವ ತಾಯಿಯೊಬ್ಬಳು ಏಳು ವರ್ಷದ ಮಗಳನ್ನು ಮನೆಯಲ್ಲಿ ಉಳಿಸಿಕೊಂಡರೆ ಅದು ‘ಶಾಲೆಯಿಂದ ಹೊರಗುಳಿದ ಮಗು’. ಮೇಷ್ಟ್ರು ಪುಸ್ತಕ ಹಿಡಿದು ಮನೆ ಹುಡುಕಿಕೊಂಡು ಬರುತ್ತಾರೆ. ನಾನು ಉಳಿಸಿಕೊಂಡರೆ ಅದು ‘ಹೋಮ್‌ಸ್ಕೂಲಿಂಗ್’. ಅಪಾರ್ಟ್‌ಮೆಂಟಿನವರು ಟಿಪ್ಸ್ ಕೇಳಿಕೊಂಡು ಬರುತ್ತಾರೆ. ಮುಂದಿನ ದಾರಿಗೂ ಕೊರತೆಯಿಲ್ಲ. ಮಗಳಿಗೆ 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ (ಎನ್‌ಐಒಎಸ್) ಹತ್ತನೇ ತರಗತಿ ಪರೀಕ್ಷೆ ಕಟ್ಟಬಹುದು. ಒಮ್ಮೆ ನೋಂದಣಿಯಾದರೆ ಐದು ವರ್ಷದಲ್ಲಿ ಒಂಬತ್ತು ಅವಕಾಶ. ಈ ಇಡೀ ವ್ಯವಹಾರದಲ್ಲಿ ನನಗೆ ಕಂಡ ಏಕೈಕ ವಾಸ್ತವಿಕ ಅಂಕಿ ಆ ಒಂಬತ್ತು. ಇವರು ಆ ಪರೀಕ್ಷೆಯ ಸಿಲಬಸ್ಸನ್ನು ಈಗಲೇ ಇಳಿಸಿಕೊಂಡು, ಏಳು ವರ್ಷಕ್ಕೆ ಭಾಗಿಸಿ, ಎಕ್ಸೆಲ್ ಶೀಟ್ ಮಾಡಿಟ್ಟಿದ್ದಾರೆ.

ಹೋದ ತಿಂಗಳು ಒಂದು ಪಾರ್ಸೆಲ್ ಬಂತು. ವಿದೇಶದ್ದು, ಹದಿನೆಂಟು ಸಾವಿರ ರೂಪಾಯಿ. ಒಳಗೆ ಲ್ಯಾಮಿನೇಟ್ ಮಾಡಿದ ಕಾರ್ಡುಗಳು. ಪ್ರತಿ ಮಗುವೂ ತನ್ನ ವೇಗದಲ್ಲಿ, ಒಂದೊಂದೇ ಕಾರ್ಡು ಮುಗಿಸಿ ಮೆಟ್ಟಿಲು ಹತ್ತುತ್ತಾ, ನಲಿಯುತ್ತಾ ಕಲಿಯುತ್ತದೆ ಎಂದು ಪೆಟ್ಟಿಗೆ ಮೇಲೆ ಬರೆದಿತ್ತು. ಆವತ್ತು ಶಾಲೆಗಳಿಗೆ ರಜೆ. ಮನೆಗೆಲಸಕ್ಕೆ ಬರುವ ಅಕ್ಕ ತನ್ನ ಮಗಳನ್ನೂ ಕರೆತಂದಿದ್ದಳು. ಅವಳಿಗೂ ಏಳು ವರ್ಷ; ಹಿಂದಿನ ಬೀದಿಯ ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸು. ಪೆಟ್ಟಿಗೆಯೊಳಗೆ ಇಣುಕಿದವಳೇ "ಅಯ್ಯ, ಇದು ನಮ್ ನಲಿ-ಕಲಿ ಕಾರ್ಡು!" ಎಂದಳು.

ನಿಜ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಮದನಪಲ್ಲಿ ಹತ್ತಿರದ ರಿಷಿವ್ಯಾಲಿ ಶಾಲೆಗೆ ಹೋಗಿ, ಅಲ್ಲಿನ ಪ್ರಯೋಗ ನೋಡಿ ಬಂದು ಶುರುಮಾಡಿದ್ದು ನಲಿ-ಕಲಿ. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯವರೆಗೆ ಹಬ್ಬಿತು. ಒಬ್ಬರೇ ಟೀಚರು, ಮೂರು ಕ್ಲಾಸು, ಹರಿದ ಕಾರ್ಡು ಎಂದು ಅದರ ಮೇಲೂ ದೂರುಗಳಿವೆ, ಸುಳ್ಳೂ ಅಲ್ಲ. ಆದರೆ ಸರ್ಕಾರ ಹಾಲು, ಮೊಟ್ಟೆ ಸಮೇತ ಪುಕ್ಕಟೆ ಕೊಡುವುದನ್ನು ನಾನು ಹದಿನೆಂಟು ಸಾವಿರ ಕೊಟ್ಟು, ಮೊಟ್ಟೆ ಇಲ್ಲದೆ ತರಿಸಿದ್ದೆ.

ಹುಡುಗಿ ನಮ್ಮಪ್ಪಣೆಗೆ ಕಾಯಲಿಲ್ಲ. ಕಿಟಕಿಯಿಂದ ಫ್ರಿಜ್‌ವರೆಗೆ ದಾರ ಕಟ್ಟಿಸಿದಳು. ಚಪ್ಪರವಂತೆ, ಬರೆದದ್ದನ್ನೆಲ್ಲ ಅದಕ್ಕೆ ನೇತುಹಾಕಬೇಕಂತೆ. ದಾರಕ್ಕೆ ಅಡ್ಡ ಬಂತೆಂದು ವೇಳಾಪಟ್ಟಿಯನ್ನು ಕಿತ್ತು, ಹಿಂಬದಿಯ ಖಾಲಿ ಹಾಳೆಯಲ್ಲಿ ಇಬ್ಬರೂ ಸೇರಿ ಆನೆ ಬರೆದರು. ಅಲಾರಂ ಹೊಡೆಯಿತು, ಯಾರೂ ಏಳಲಿಲ್ಲ. ಪುಟ್ಟಿ 7ರ ಮಗ್ಗಿಯನ್ನು ಹಾಡಿಕೊಂಡು ಕುಣಿಯುತ್ತಿದ್ದಳು. ಆ ಮಗ್ಗಿಯ ಗಡುವು ದಾಟಿ ಆರು ವಾರವಾಗಿತ್ತು.

"ಫೋಟೋ ತೆಗೀಲಾ?" ಎಂದೆ.

"ಆಂಟಿ, ಕ್ಲಾಸ್ ನಡೀತಿದೆ," ಎಂದಳು ಹುಡುಗಿ. ನಲಿ-ಕಲಿಯಲ್ಲಿ ಮಕ್ಕಳನ್ನು ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ ಕೂರಿಸುತ್ತಾರೆ. ತಾನೇ ಓದಿಕೊಳ್ಳಬಲ್ಲವರಿಗೆ ಸ್ವಕಲಿಕೆ ತಟ್ಟೆ. ಏನೇನೂ ಬಾರದವರಿಗೆ ಟೀಚರ ಪಕ್ಕದಲ್ಲೇ, ಶಿಕ್ಷಕರ ಸಂಪೂರ್ಣ ಸಹಾಯದ ತಟ್ಟೆ. ಹುಡುಗಿ ಪುಟ್ಟಿಯನ್ನು ಸ್ವಕಲಿಕೆಗೆ ಕಳಿಸಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತನ್ನ ಪಕ್ಕದ ನೆಲ ತೋರಿಸಿದಳು.

ಕೂತೆ. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪ್ ಹಿಡಿದು ರೂಮಿನಿಂದ ಹೊರಬಂದ ಇವರು "ವೇಳಾಪಟ್ಟಿ ಎಲ್ಲಿ?" ಎಂದು ಕೇಳಿದರು. ಹುಡುಗಿ ನನ್ನನ್ನು ಸ್ವಲ್ಪ ಆಚೆ ಸರಿಯಲು ಹೇಳಿ, ಇವರಿಗೂ ಜಾಗ ಮಾಡಿಕೊಟ್ಟಳು.