ಹನ್ನೊಂದನೇ ಮಹಡಿಯ ಇಂಟರ್ನ್‌ಶಿಪ್ಪು

ಇಂಟರ್‌ವ್ಯೂನಲ್ಲಿ ಏನೇನು ಕೇಳುತ್ತಾರೆ ಎಂದು ಸೀನಿಯರ್‌ಗಳನ್ನು ಕೇಳಿ ನೋಡಿ, ಕ್ಯಾಂಟೀನಿನಲ್ಲಿ ಟೀ ಆರಿಹೋಗುವವರೆಗೂ ಹೇಳುತ್ತಾರೆ. ಲಿಂಕ್ಡ್ ಲಿಸ್ಟ್ ಉಲ್ಟಾ ಮಾಡು ಅಂತಾರೆ, ಎಸ್‌ಕ್ಯೂಎಲ್‌ನಲ್ಲಿ ಎರಡನೇ ಅತಿ ದೊಡ್ಡ ಸಂಬಳ ಹುಡುಕು ಅಂತಾರೆ, ಐದು ವರ್ಷ ಆದಮೇಲೆ ಎಲ್ಲಿರ್ತೀಯ ಅಂತಾರೆ. ಎಲ್ಲವನ್ನೂ ಬಾಯಿಪಾಠ ಮಾಡಿದ್ದೆ. ಕಟ್ಟಡದೊಳಗೆ ಮೇಲೆ ಹೋಗುವುದು ಹೇಗೆ ಎಂದು ಮಾತ್ರ ಆ ಮಹಾನುಭಾವರಲ್ಲಿ ಒಬ್ಬರೂ ಹೇಳಲಿಲ್ಲ.

ತಿಪಟೂರಿನಿಂದ ರೈಲು, ಯಶವಂತಪುರದಿಂದ ಮೆಟ್ರೋ, ಮೆಜೆಸ್ಟಿಕ್ಕಿನಲ್ಲಿ ಹಸಿರು ಬಿಟ್ಟು ನೇರಳೆ ಹಿಡಿದು ಪಟ್ಟಂದೂರು ಅಗ್ರಹಾರ. ಈ ನೇರಳೆ ಮಾರ್ಗ 2023ರ ಅಕ್ಟೋಬರಿನಲ್ಲಿ ವೈಟ್‌ಫೀಲ್ಡಿಗೆ ಕೂಡಿಕೊಳ್ಳದಿದ್ದರೆ ನಾನು ಇವತ್ತಿಗೂ ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸಿನಲ್ಲೇ ಇರುತ್ತಿದ್ದೆ. ಗೇಟಿನಲ್ಲಿ ಆಧಾರ್, ರಿಜಿಸ್ಟರಿನಲ್ಲಿ ಲ್ಯಾಪ್‌ಟಾಪಿನ ಸೀರಿಯಲ್ ನಂಬರು, ಕೊರಳಿಗೆ ವಿಸಿಟರ್ ಪಾಸು, ಕಾಲಿಗೆ ಚಿಕ್ಕಪ್ಪನ ಬೂಟು. ಲಿಫ್ಟು ಬಾಯ್ತೆರೆದಿತ್ತು. ಗತ್ತಿನಿಂದಲೇ ನುಗ್ಗಿದೆ.

ಒಳಗೆ ಮಹಡಿಯ ಗುಂಡಿಗಳೇ ಇಲ್ಲ! ಬಾಗಿಲು ತೆಗೆಯಲೊಂದು, ಮುಚ್ಚಲೊಂದು, ಗಂಟೆಗೊಂದು. ಒಂದರಿಂದ ಹದಿನಾಲ್ಕರವರೆಗಿನ ಅಂಕಿಗಳನ್ನು ಯಾರೋ ಕಿತ್ತುಕೊಂಡು ಹೋದ ಹಾಗೆ ಗೋಡೆ ನುಣ್ಣಗಿತ್ತು. ಹಿಂದೆಯೇ ನಾಲ್ಕು ಜನ ಬಂದರು. ಯಾರೂ ಏನೂ ಒತ್ತಲಿಲ್ಲ, ಲಿಫ್ಟು ಮಾತ್ರ ಹೊರಟಿತು. ಏಳರಲ್ಲಿ ಅವರು ಇಳಿದರು. ನಾನೂ ಇಳಿಯಬಹುದಿತ್ತು, ಆದರೆ ಇಳಿದರೆ ನನಗೆ ಗೊತ್ತಿಲ್ಲ ಅಂತ ಅವರಿಗೆ ಗೊತ್ತಾಗುತ್ತದಲ್ಲ! ಮೊಬೈಲು ನೋಡುತ್ತಾ ನಿಂತೆ. ಲಿಫ್ಟು ನನ್ನನ್ನು ಬೇಸ್‌ಮೆಂಟಿಗೆ ಒಯ್ದಿತು. ಅಲ್ಲಿಂದ ಹದಿನಾಲ್ಕಕ್ಕೆ. ಹೋಗುವಾಗ ಹನ್ನೊಂದು ದಾಟಿದ್ದನ್ನು ಕಣ್ಣಾರೆ ಕಂಡೆ. ಮತ್ತೆ ಕೆಳಕ್ಕೆ. ಕೆಳಗೆ ನನ್ನಂತೆಯೇ ಪಾಸು ನೇತುಹಾಕಿಕೊಂಡ ಹಿರಿಯರೊಬ್ಬರು ಹತ್ತಿದರು. ಗೋಡೆ ನೋಡಿದರು, ನನ್ನ ಬಿಳಿ ಶರ್ಟು ಕರಿ ಪ್ಯಾಂಟು ನೋಡಿದರು. “ಎಂಟು ಹಾಕಪ್ಪಾ,” ಎಂದರು.

ಇಂಥ ಹೊತ್ತಿನಲ್ಲಿ ಮನುಷ್ಯ ನಿಜ ಹೇಳಬೇಕು. “ಹೋಗ್ತದೆ ಸರ್,” ಎಂದೆ. ಯಾವ ದೇವರ ದಯೆಯೋ, ಎಂಟರಲ್ಲೇ ನಿಂತಿತು. “ಥ್ಯಾಂಕ್ಸ್ ಕಣಪ್ಪಾ,” ಎಂದು ಬೆನ್ನು ತಟ್ಟಿ ಇಳಿದರು. ಆಗ ನನಗಾದ ವೃತ್ತಿಸಂತೋಷ ಇಂಜಿನಿಯರಿಂಗಿನ ಯಾವ ಸೆಮಿಸ್ಟರಿನಲ್ಲೂ ಆದದ್ದಿಲ್ಲ. ಕೊನೆಗೆ ಹೌಸ್‌ಕೀಪಿಂಗ್ ಅಕ್ಕ ಒಬ್ಬರು, “ಆವಾಗಿಂದ ಇಲ್ಲೇ ಇದ್ದೀಯಲ್ಲ, ಹೊರಗಡೆ ನಂಬರ್ ಒತ್ತಿದ್ಯೇನಪ್ಪಾ?” ಎಂದು ಕೇಳಿ, ಕೈಹಿಡಿದು ಹೊರಗೆಳೆದು, ಕಂಬದಲ್ಲಿದ್ದ ಪರದೆ ತೋರಿಸಿದರು. ಅಲ್ಲಿ ಮಹಡಿ ಒತ್ತಬೇಕು. ಯಾವ ಲಿಫ್ಟಿಗೆ ಹೋಗಬೇಕೆಂದು ಅದೇ ಹೇಳುತ್ತದೆ.

ಇಂಟರ್‌ವ್ಯೂ ಬೇಗ ಮುಗಿಯಿತು. ಮೊದಲನೇ ಸಂಬಳವನ್ನೇ ಕಾಣದವನು ಎರಡನೇ ದೊಡ್ಡ ಸಂಬಳವನ್ನು ಹುಡುಕಿಕೊಟ್ಟೆ. ಆಮೇಲೆ ಸ್ಟೈಪೆಂಡಿನ ಮಾತು. ಇಲ್ಲವಂತೆ, ಸರ್ಟಿಫಿಕೇಟು ಉಂಟಂತೆ.

ನಗುವ ವಿಷಯವಲ್ಲ ಇದು. ವಿಟಿಯು ಸಿಲಬಸ್ಸಿನಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಕಡ್ಡಾಯ ಎಂದ ಕಡೆ ಅಂಗಡಿ ತೆರೆಯುವವರು ಇದ್ದೇ ಇರುತ್ತಾರೆ. ದುಡ್ಡು ನಾವೇ ಕಟ್ಟಬೇಕು, ಅವರು ಕೆಲಸ ಕಲಿಸಿದ ಹಾಗೆ ಕಾಗದ ಕೊಡುತ್ತಾರೆ. ನನ್ನ ಕ್ಲಾಸಿನ ಹುಡುಗಿಯೊಬ್ಬಳು ಮನೆಯಲ್ಲಿ ಲ್ಯಾಬ್ ಫೀಸು ಅಂತ ಸುಳ್ಳು ಹೇಳಿ ಕಟ್ಟಿದ್ದಾಳೆ. ಕೇಂದ್ರ ಸರ್ಕಾರ 2024ರಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ತಂದಾಗ ತಿಂಗಳಿಗೆ 5,000 ರೂಪಾಯಿ ಎಂದಿತು. ಆದರೆ ಆಗ ಅದು ಕಾಲೇಜಿನಲ್ಲಿ ಪೂರ್ಣಾವಧಿ ಓದುತ್ತಿರುವ ನಮ್ಮಂಥವರಿಗಲ್ಲ, ಓದು ಮುಗಿಸಿ ಕೂತವರಿಗೆ ಎಂದಿತ್ತು.

“ದುಡ್ಡು ಮುಖ್ಯ ಅಲ್ಲ, ನಿಮಗೆ ಎಕ್ಸ್‌ಪೋಷರ್ ಸಿಗುತ್ತೆ,” ಎಂದರು ಎಚ್‌ಆರ್ ಮೇಡಂ.

“ಪಿಜಿ ಬಾಡಿಗೆಗೂ ಅದನ್ನೇ ಕೊಡಬಹುದಾ ಮೇಡಂ?” ಬಾಯಿ ತಪ್ಪಿ ಬಂದೇಬಿಟ್ಟಿತು.

ಮೇಡಂ ನಕ್ಕರು. ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ, ಹೋದ ವರ್ಷ ಇಂಟರ್ನ್ ಆಗಿ ಸೇರಿದ ಹುಡುಗ ನಗಲಿಲ್ಲ. “ಮಾರತ್ತಹಳ್ಳೀಲಿ ತ್ರೀ ಶೇರಿಂಗ್ ನೋಡು ಗುರೂ,” ಎಂದ. “ಊಟ ಬೇಡ ಅಂದ್ರೆ ಇನ್ನೂ ಸ್ವಲ್ಪ ಕಮ್ಮಿ ಮಾಡ್ತಾರೆ.”