ಬೋಳು ಟೈರಿನ ಭಂಡ ಧೈರ್ಯ

ಕಾರು ಕೊಂಡ ದಿನ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡುತ್ತೇವೆ. ಆಮೇಲೆ ಟೈರು ಕಣ್ಣಿಗೆ ಬೀಳುವುದು ಆಯುಧಪೂಜೆಗೇ. ಅಷ್ಟರಲ್ಲಿ ಅದು ಮಾವನವರ ತಲೆಯಷ್ಟು ನುಣ್ಣಗಾಗಿರುತ್ತದೆ. ಕೇಳಿದರೆ, "ಇನ್ನೂ ಗಾಳಿ ನಿಲ್ಲುತ್ತಲ್ಲ ಸ್ವಾಮಿ!" ಗಾಳಿ ನಿಲ್ಲುತ್ತದೆ ಸರಿ, ಕಾರು ನಿಲ್ಲಬೇಕಲ್ಲ?

ಹೊಸ ಟೈರಿನ ಗೀರು ಸುಮಾರು 8 ಮಿಲಿಮೀಟರ್ ಆಳ. 1.6ಕ್ಕಿಂತ ಕೆಳಗಿಳಿದರೆ ಕಾನೂನು ಒಪ್ಪದು. ಅಳೆಯಲು ಸ್ಕೇಲೂ ಬೇಡ. ಗೀರಿನ ತಳದಲ್ಲೇ ಪುಟ್ಟ ರಬ್ಬರ್ ದಿಬ್ಬಗಳಿವೆ. ಮೇಲ್ಮೈ ಅವುಗಳ ಮಟ್ಟಕ್ಕೆ ಸವೆದರೆ ಟೈರಿನ ಆಯಸ್ಸು ತೀರಿತು. ಗೀರಿರುವುದು ಚಂದಕ್ಕಲ್ಲ, ನೀರು ಹೊರದೂಡಲು. ಅದಿಲ್ಲದೆ ಆಷಾಢದ ಮಳೆಯಲ್ಲಿ ಉಡುಪಿ–ಮಂಗಳೂರು ಹೆದ್ದಾರಿಯಲ್ಲಿ ಹಾರಿಸಿದರೆ ಚಕ್ರ ನೀರಿನ ಮೇಲೆ ತೇಲೀತು. ಸ್ಟೇರಿಂಗು, ಬ್ರೇಕು ಎರಡೂ ಬರೀ ಅಲಂಕಾರ.

ಇಷ್ಟೆಲ್ಲ ಕೇಳಿದ ನೆರೆಯವರು ತಲೆದೂಗಿ, ಡ್ಯಾಶ್‌ಬೋರ್ಡಿಗೆ ಇನ್ನೊಂದು ಗಣಪನನ್ನು ತಂದರು. ಟೈರಿಗಿಂತ ಅಗ್ಗವಂತೆ.